ಘಟ್ಟ ಹತ್ತಿದ ಭಾಗವತಿಕೆ

ಯಕ್ಷಗಾನ ಕರಾವಳಿಯ ಕಲೆ ಎಂಬ ಮಾತು ಮೇಳಗಳ ಮಟ್ಟಿಗೆ ನಿಜವಾದರೂ ಕೇಳುಗರ ಮಟ್ಟಿಗೆ ಪೂರ್ತಿ ನಿಜವಲ್ಲ. ಮೇಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು, ಅವುಗಳಿಗೆ ಆಶ್ರಯವಿತ್ತ ದೇವಸ್ಥಾನಗಳಿರುವುದು ಘಟ್ಟದ ಕೆಳಗೇ ಆದರೂ, ಆ ಮೇಳಗಳ ಹಾಡನ್ನು ವರ್ಷವಿಡೀ ಕಿವಿಯಲ್ಲಿ ಉಳಿಸಿಕೊಂಡು, ಒಬ್ಬ ಭಾಗವತರ ಪದವನ್ನು ಇನ್ನೊಬ್ಬರ ಪದದೊಡನೆ ಹೋಲಿಸಿ, ಇದು ಪರಂಪರೆ, ಅದು ಬೆರಕೆ ಎಂದು ಪಟ್ಟು ಹಿಡಿದು ವಾದಿಸುವ ದೊಡ್ಡದೊಂದು ರಸಿಕವರ್ಗ ಘಟ್ಟದ ಮೇಲಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಬೆಳೆದುಬಂದಿದೆ. ಮಳೆಗಾಲದ ಸಂಜೆಗಳಲ್ಲಿ ಜಗಲಿಯ ಮೇಲೆ ನಡೆಯುವ ಈ ವಾದವನ್ನು ಹೊತ್ತು ಕಳೆಯುವ ಹರಟೆಯೆಂದು ತಳ್ಳಿಹಾಕುವುದುಂಟು. ಆದರೆ ಯಕ್ಷಗಾನ ಸಂಗೀತದ ಬೇರು ಎಲ್ಲಿದೆ ಎಂಬ ಪ್ರಶ್ನೆಗೆ ಶಾಸನಗಳೂ ಓಲೆಗರಿಗಳೂ ಕೊಡಲಾಗದ ಉತ್ತರದ ಒಂದು ಪಾಲು ಈ ಕೇಳುಗರ ನೆನಪಿನಲ್ಲಿ ಮತ್ತು ಅವರು ಮನೆಯ ಅಟ್ಟದಲ್ಲಿ ಕೂಡಿಟ್ಟ ಕ್ಯಾಸೆಟ್‌ಗಳಲ್ಲಿ ಇರುವುದರಿಂದ, ಈ ವಾದವನ್ನು ಅದಕ್ಕೆ ತಕ್ಕ ಗಾಂಭೀರ್ಯದಿಂದ ನೋಡಬೇಕಾಗಿದೆ.

ಮೂರು ಘಾಟಿಗಳು

ಈ ಮೂರು ತಾಲ್ಲೂಕುಗಳ ಕಿವಿ ಹದಗೊಂಡಿರುವುದಕ್ಕೆ ಭೂಗೋಳವೇ ಮೊದಲ ಕಾರಣ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದರೆ ಹೆಬ್ರಿಯ ಮೂಲಕ ಉಡುಪಿ, ಬ್ರಹ್ಮಾವರಗಳ ಸೀಮೆ ಸಿಗುತ್ತದೆ. ನಗರ, ಮಾಸ್ತಿಕಟ್ಟೆಗಳ ಕಡೆಯಿಂದ ಹುಲಿಕಲ್ ಘಾಟಿಯೆಂದೂ ಬಾಳೆಬರೆ ಘಾಟಿಯೆಂದೂ ಕರೆಯುವ ದಾರಿ ಹಿಡಿದರೆ ಸಿದ್ದಾಪುರ ದಾಟಿ ಕುಂದಾಪುರ ಮುಟ್ಟಬಹುದು. ಸಾಗರದಿಂದ ತಾಳಗುಪ್ಪದ ಮೇಲೆ ಹೋಗಿ ಗೇರುಸೊಪ್ಪೆ ಘಾಟಿ ಇಳಿದರೆ ಹೊನ್ನಾವರ ಬರುತ್ತದೆ. ಯಕ್ಷಗಾನದ ಶೈಲಿಭೇದವನ್ನು ಸೂಚಿಸುವ ತಿಟ್ಟುಗಳು ಇದೇ ದಾರಿಗಳ ಕೊನೆಯಲ್ಲಿ ಒಂದೊಂದಾಗಿ ಇವೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಶೈಲಿ ತೆಂಕುತಿಟ್ಟು, ಉಡುಪಿ ಮತ್ತು ಕುಂದಾಪುರದ ಕಡೆಯ ಶೈಲಿ ಬಡಗುತಿಟ್ಟು, ಹೊನ್ನಾವರದಿಂದ ಉತ್ತರಕ್ಕೆ ಹಬ್ಬಿದ ಉತ್ತರ ಕನ್ನಡದ ಶೈಲಿ ಬಡಾಬಡಗು. ಬಡಗಿನೊಳಗೇ ಬ್ರಹ್ಮಾವರದ ಸುತ್ತಿನ ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ಸಂಪ್ರದಾಯಗಳ ಒಳಭೇದವೂ ಉಂಟು. ಕರಾವಳಿಯ ಊರೊಂದರಲ್ಲಿ ಹುಟ್ಟಿದವನಿಗೆ ತನ್ನ ತಿಟ್ಟೇ ಯಕ್ಷಗಾನವೆಂದು ತೋರುವುದು ಸಹಜ. ಮಲೆನಾಡಿನವನಿಗೆ ಮೂರು ದಾರಿಗಳಿಂದಲೂ ಹಾಡು ಹತ್ತಿ ಬಂದುದರಿಂದ ಹೋಲಿಸಿ ನೋಡುವುದು ಅನಿವಾರ್ಯವಾಯಿತು.

ಈ ಒಡನಾಟ ಇತ್ತೀಚಿನದೂ ಅಲ್ಲ. ಕೆಳದಿ ಅರಸರ ರಾಜ್ಯ ಘಟ್ಟದ ಮೇಲೂ ಕೆಳಗೂ ಹಬ್ಬಿತ್ತು. ಇಂದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರಾಗಿರುವ ನಗರ ಆಗ ಬಿದನೂರೆಂಬ ಹೆಸರಿನ ರಾಜಧಾನಿಯಾಗಿತ್ತು. ಕಾಸರಗೋಡಿನ ಬೇಕಲ ಕೋಟೆಯನ್ನು ಕಟ್ಟಿಸಿದ ಕೀರ್ತಿ ಕೆಳದಿಯ ಶಿವಪ್ಪನಾಯಕನಿಗೆ ಸಲ್ಲುತ್ತದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಕುಂದಾಪುರದ ಬಂದರಿಗೂ ಮಲೆನಾಡಿನ ಅಡಿಕೆ ತೋಟಕ್ಕೂ ಒಂದೇ ಆಳ್ವಿಕೆಯಿತ್ತು. ಮೆಣಸು, ಅಡಿಕೆ ಇಳಿದು ಹೋದ ಮತ್ತು ಉಪ್ಪು ಏರಿ ಬಂದ ದಾರಿಗಳಲ್ಲೇ ಕಥೆ, ಹಾಡು, ವೇಷಗಳೂ ಓಡಾಡಿದವೆಂದು ತಿಳಿಯುವುದಕ್ಕೆ ಅಡ್ಡಿಯಿಲ್ಲ. ಕೆಳದಿಯ ಬಸವಪ್ಪನಾಯಕ ರಚಿಸಿದ ಶಿವತತ್ತ್ವರತ್ನಾಕರ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಸಂಗೀತಕ್ಕೂ ನೃತ್ಯಕ್ಕೂ ಸ್ಥಾನವಿರುವುದು ಈ ನೆಲದ ಆಸ್ಥಾನಕ್ಕೆ ಆ ಕಲೆಗಳಲ್ಲಿದ್ದ ಆಸಕ್ತಿಯನ್ನು ತೋರಿಸುತ್ತದೆ. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳ ದೊಡ್ಡ ಸಂಗ್ರಹವೇ ಇದೆ.

ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಡುವ ಮೇಳಗಳು ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಮಂದಾರ್ತಿಯ ದುರ್ಗಾಪರಮೇಶ್ವರಿಗೂ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನಿಗೂ ಮಲೆನಾಡಿನಲ್ಲಿ ಒಕ್ಕಲುಗಳು ಬಹಳ. ಅವರು ಹೊತ್ತ ಹರಕೆಯ ಆಟಗಳಿಗಾಗಿ ಆ ಕ್ಷೇತ್ರಗಳ ಮೇಳಗಳು ಘಟ್ಟ ಹತ್ತುತ್ತವೆ. ಟಿಕೆಟ್ಟಿನ ಮೇಲೆ ಆಡುವ ಡೇರೆ ಮೇಳಗಳಿಗೆ, ಅಂದರೆ ಸುತ್ತ ಟೆಂಟು ಕಟ್ಟಿ ನೆಲಕ್ಕೊಂದು, ಕುರ್ಚಿಗೊಂದು ದರ ಇಟ್ಟ ಸಾಲಿಗ್ರಾಮ, ಪೆರ್ಡೂರು ಮುಂತಾದ ಮೇಳಗಳಿಗೆ ಮಲೆನಾಡಿನ ಪೇಟೆಗಳು ಒಳ್ಳೆಯ ಗಳಿಕೆಯ ಕ್ಯಾಂಪುಗಳಾಗಿದ್ದವು. ಗೇರುಸೊಪ್ಪೆಯ ದಾರಿಯಿಂದ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಬಂತು. ಅಷ್ಟು ಸಾಲದೆಂಬಂತೆ, ಬಡಗಿನ ಈ ಸೀಮೆಯಲ್ಲೇ ಇರುವ ರಾಮಚಂದ್ರಾಪುರ ಮಠದ ಆಶ್ರಯದಲ್ಲಿ ಹೊಸನಗರ ಮೇಳವೆಂಬ ಹೆಸರಿನ ತೆಂಕುತಿಟ್ಟಿನ ಮೇಳ ಕೆಲವು ವರ್ಷ ತಿರುಗಾಟ ನಡೆಸಿತು.

ಮಳೆಗಾಲ ಮತ್ತು ಕ್ಯಾಸೆಟ್ಟು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಹುಲಿಕಲ್ಲಿನ ಮಳೆಯೂ ಅದಕ್ಕೆ ಸರಿಗಟ್ಟುವಂಥದು. ಬಯಲಿನಲ್ಲಿ ಆಟ ಸಾಧ್ಯವಿಲ್ಲದ ಈ ತಿಂಗಳುಗಳಲ್ಲಿ ಮಲೆನಾಡು ಆಶ್ರಯಿಸಿದ್ದು ತಾಳಮದ್ದಲೆಯನ್ನು. ವೇಷ, ಕುಣಿತಗಳಿಲ್ಲದೆ ಒಂದು ಕಡೆ ಹಿಮ್ಮೇಳ, ಎದುರುಬದುರಾಗಿ ಅರ್ಥಧಾರಿಗಳು ಕುಳಿತು ಹಾಡು ಮತ್ತು ಮಾತಿನಲ್ಲೇ ಪ್ರಸಂಗ ನಡೆಸುವ ಕ್ರಮಕ್ಕೆ ಆ ಹೆಸರು. ಹಿಮ್ಮೇಳವೆಂದರೆ ಭಾಗವತರು, ಮದ್ದಲೆಗಾರರು, ಚಂಡೆಯವರು ಕೂಡಿದ ಗಾಯಕವಾದಕರ ತಂಡ. ವೇಷ ಕಟ್ಟಿ ಕುಣಿಯುವವರದು ಮುಮ್ಮೇಳ. ಭಾಗವತರು ಹಾಡುಗಾರರಷ್ಟೇ ಅಲ್ಲ, ಕಥೆಯ ಓಟ, ಪಾತ್ರದ ಪ್ರವೇಶ, ಪದದ ಆಯ್ಕೆ ಎಲ್ಲವನ್ನೂ ನಿಂತ ನಿಲುವಿನಲ್ಲೇ ನಿರ್ಧರಿಸುವ ನಿರ್ದೇಶಕರೂ ಹೌದು. ಅವರನ್ನು ಒಂದನೆಯ ವೇಷವೆಂದು ಕರೆಯುವ ರೂಢಿ ಬಂದಿರುವುದು ಇದರಿಂದಲೇ.

ತಾಳಮದ್ದಲೆಯ ಜೊತೆಗೆ ಮೊದಲು ರೇಡಿಯೊ, ಅನಂತರ ಕ್ಯಾಸೆಟ್ಟು ಬಂದವು. ಭದ್ರಾವತಿ ಆಕಾಶವಾಣಿ 1965ರಲ್ಲಿ, ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾದ ಮೇಲೆ ಪ್ರಸಾರವಾಗುವ ತಾಳಮದ್ದಲೆಗಾಗಿ ಕಾಯುವುದು ಅನೇಕ ಮನೆಗಳ ವಾರದ ಕ್ರಮವಾಯಿತು. 1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾದಾಗ ಕೇಳುಗರು ತಾವೇ ಸಂಗ್ರಾಹಕರೂ ಆದರು. ಅಂಗಡಿಯಲ್ಲಿ ಸಿಗುತ್ತಿದ್ದ, ಸ್ಟುಡಿಯೋದಲ್ಲಿ ಮುದ್ರಿಸಿದ ಪ್ರಸಂಗಗಳು ಒಂದು ಬಗೆಯಾದರೆ, ಆಟದ ರಾತ್ರಿ ರಂಗಸ್ಥಳದ ಪಕ್ಕದಲ್ಲೇ ಟೇಪ್ ರೆಕಾರ್ಡರ್ ಇಟ್ಟು ಹಿಡಿದವು ಇನ್ನೊಂದು ಬಗೆ. ಈ ಎರಡನೆಯ ಬಗೆಯ ಕ್ಯಾಸೆಟ್ಟುಗಳು ದಾಖಲೆಯ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳವು. ಅವುಗಳಲ್ಲಿ ಜನರೇಟರಿನ ಸದ್ದು, ಹಿಂದೆ ಕೂತವರ ಮಾತು, ಎದ್ದು ಹೋಗುವ ಮಕ್ಕಳ ಅಳು ಎಲ್ಲವೂ ಇದ್ದು, ನಡುನಡುವೆ ಪದದ ಅರ್ಧಕ್ಕೇ ಒಂದು ಬದಿ ಮುಗಿದು, ಮಗುಚಿ ಹಾಕುವಷ್ಟರಲ್ಲಿ ಒಂದೆರಡು ಸಾಲು ತಪ್ಪಿಹೋಗಿರುತ್ತದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ನಲವತ್ತೈದು ನಿಮಿಷ ಮಾತ್ರ ಹಿಡಿಯುವುದರಿಂದ, ಬೆಳಗಿನವರೆಗೆ ನಡೆಯುವ ಆಟದಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಆ ಕತ್ತಲೆಯಲ್ಲೇ ತೀರ್ಮಾನಿಸಬೇಕಾಗುತ್ತಿತ್ತು. ಹಾಗೆ ತೀರ್ಮಾನಿಸಿದವರು ತಮಗೆ ತಿಳಿಯದೆಯೇ ಇತಿಹಾಸಕಾರರ ಕೆಲಸ ಮಾಡಿದರು.

ಅದೇ ಕಾಲಕ್ಕೆ ಮಲೆನಾಡಿನ ರಸಿಕರಲ್ಲಿ ಎರಡು ಪಕ್ಷಗಳೂ ಬೆಳೆದವು. ಒಂದು ಪಕ್ಷಕ್ಕೆ ಮಾರ್ವಿ ನಾರಣಪ್ಪ ಉಪ್ಪೂರರೇ ಪ್ರಮಾಣ. ಕೋಟದ ಅಮೃತೇಶ್ವರಿ ಮೇಳದಲ್ಲಿ ಹಾಡಿ, ಅನೇಕ ಶಿಷ್ಯರನ್ನು ತಯಾರು ಮಾಡಿದ ಉಪ್ಪೂರರ ಹಾಡಿಕೆಯಲ್ಲಿ ರಾಗಕ್ಕಿಂತ ಪದ ಮುಂದೆ, ಪದಕ್ಕಿಂತ ಸಂದರ್ಭ ಮುಂದೆ ಎಂಬುದು ಅವರ ಅಭಿಮಾನಿಗಳ ಅಭಿಪ್ರಾಯ. ಇನ್ನೊಂದು ಪಕ್ಷಕ್ಕೆ ಅದೇ ಉಪ್ಪೂರರ ಬಳಿ ಕಲಿತ ಗುಂಡ್ಮಿ ಕಾಳಿಂಗ ನಾವುಡರು ದೈವಸಮಾನ. 1958ರಲ್ಲಿ ಹುಟ್ಟಿ, ಸಾಲಿಗ್ರಾಮ ಮೇಳದ ಭಾಗವತರಾಗಿ ಎಳೆಯ ವಯಸ್ಸಿನಲ್ಲೇ ಜನಪ್ರಿಯತೆಯ ತುದಿ ಮುಟ್ಟಿ, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ನಾವುಡರು, ನಾಗಶ್ರೀಯಂಥ ಹೊಸ ಪ್ರಸಂಗಗಳನ್ನು ಸ್ವತಃ ಬರೆದು, ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳ ರಾಗಗಳನ್ನು ಧಾರಾಳವಾಗಿ ತಂದು, ಭಾಗವತರ ಕಂಠವನ್ನೇ ಕೇಳಲು ಜನ ಡೇರೆಗೆ ನುಗ್ಗುವಂತೆ ಮಾಡಿದರು. ಅವರ ಕಾಲ ಮತ್ತು ಕ್ಯಾಸೆಟ್ಟಿನ ಕಾಲ ಒಂದೇ ಆದುದು ಯಕ್ಷಗಾನದ ಚರಿತ್ರೆಯಲ್ಲಿ ಬಹುದೊಡ್ಡ ಪರಿಣಾಮ ಬೀರಿದ ಆಕಸ್ಮಿಕ. ಅವರ ಹಿಂದಿನವರ ಹಾಡು ಕೇಳಿದವರ ನೆನಪಿನೊಡನೆ ಅಳಿಸುತ್ತ ಹೋದರೆ, ನಾವುಡರ ಹಾಡು ಅವರು ಹೋದ ಮೇಲೆ ಹುಟ್ಟಿದ ಪೀಳಿಗೆಗೂ ತಲುಪಿತು. ಮಲೆನಾಡಿನ ಇಂದಿನ ಮಧ್ಯವಯಸ್ಕರಲ್ಲಿ ಬಹುಮಂದಿಗೆ ಭಾಗವತಿಕೆಯ ಅಳತೆಗೋಲೇ ಆ ಕಂಠ.

ಸಾಗರದ ಕಡೆ ಇನ್ನೂ ಎರಡು ಹೆಸರುಗಳು ಈ ವಾದಕ್ಕೆ ಸೇರುತ್ತವೆ. ಇಡಗುಂಜಿ ಮೇಳದಲ್ಲಿ ದೀರ್ಘಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರ ಹಾಡಿಕೆ ಏರುದನಿಯ ಮೆರೆದಾಟವನ್ನು ದೂರವಿಟ್ಟು, ಕೆರೆಮನೆಯವರ ಸಂಯಮದ ಅಭಿನಯಕ್ಕೆ ಒದಗಿ ಬರುವಂತೆ ಭಾವವನ್ನು ಮೆಲ್ಲಗೆ ಬಿಡಿಸುವ ಬಗೆಯದು. ಉತ್ತರ ಕನ್ನಡದವರೇ ಆದ ಕಡತೋಕ ಮಂಜುನಾಥ ಭಾಗವತರು ತೆಂಕುತಿಟ್ಟಿನ ಧರ್ಮಸ್ಥಳ ಮೇಳದಲ್ಲಿ ಬಹುಕಾಲ ಮುಖ್ಯ ಭಾಗವತರಾಗಿದ್ದವರು. ತಿಟ್ಟುಗಳ ನಡುವಿನ ಗೋಡೆ ಹೊರಗಿನವರು ಎಣಿಸುವಷ್ಟು ಎತ್ತರವಿಲ್ಲ ಎಂಬುದಕ್ಕೆ ಅವರ ಜೀವನವೇ ಸಾಕ್ಷಿ. ಶುದ್ಧ ತೆಂಕಿನ ಉದಾಹರಣೆ ಬೇಕೆಂದವರು ಬಲಿಪ ನಾರಾಯಣ ಭಾಗವತರ ಧ್ವನಿಮುದ್ರಿಕೆಯನ್ನು ಮುಂದಿಡುತ್ತಾರೆ. 2023ರಲ್ಲಿ ತೀರಿಕೊಂಡ ಬಲಿಪರು ಏರು ಶ್ರುತಿಯಲ್ಲಿ, ಹಳೆಯ ಮಟ್ಟುಗಳನ್ನು ಸಡಿಲಿಸದೆ ಹಾಡಿದವರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಚಂಡೆಯ ಅಬ್ಬರವನ್ನು ಸೀಳಿ ಬಯಲಿನ ಕೊನೆಯವನಿಗೂ ಪದ ಮುಟ್ಟಬೇಕಾಗಿದ್ದಾಗ ಭಾಗವತರು ಹೇಗೆ ಹಾಡುತ್ತಿದ್ದಿರಬೇಕು ಎಂಬ ಊಹೆಗೆ ಅವರ ಕಂಠ ಒಂದು ಆಧಾರ. ಮೈಕು ಬಂದ ಮೇಲೆ ಮೆಲುದನಿಯ ಗಮಕಗಳೂ ಕೇಳುಗರನ್ನು ತಲುಪತೊಡಗಿ, ರಾಗವಿಸ್ತಾರಕ್ಕೆ ಅವಕಾಶ ಹೆಚ್ಚಿತು. ನಾವುಡರ ಶೈಲಿಯ ಹಿಂದೆ ಅವರ ಪ್ರತಿಭೆಯಷ್ಟೇ ಈ ಯಂತ್ರವೂ ಇದೆ.

ಮೂಲದ ವಾದ

ಇಷ್ಟು ಮೆಚ್ಚುಗೆಯ ಮಾತಾಯಿತು. ಆದರೆ ಯಾರ ಹಾಡು ಚೆನ್ನ ಎಂಬಲ್ಲಿಂದ ಹೊರಟ ಚರ್ಚೆ ಯಾರ ಹಾಡು ಯಕ್ಷಗಾನ ಎಂಬಲ್ಲಿಗೆ ಬಂದು ನಿಲ್ಲುವುದು ಮಲೆನಾಡಿನ ಜಗಲಿಗಳಲ್ಲಿ ಸಾಮಾನ್ಯ; ಅಲ್ಲಿಂದ ಮುಂದಕ್ಕೆ ಅದು ವಿದ್ವಾಂಸರು ನೂರು ವರ್ಷಕ್ಕೆ ಸಮೀಪ ಜಗ್ಗಾಡಿದ ಪ್ರಶ್ನೆಗಳನ್ನೇ ಮುಟ್ಟುತ್ತದೆ.

ಕಾಲದ ಬಗ್ಗೆ ಇರುವ ಗಟ್ಟಿ ಆಧಾರಗಳು ಕೆಲವೇ. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿಯ ಸೋಮಸಮುದ್ರದ 1556ರ ಶಾಸನ ತಾಳಮದ್ದಲೆಯವರಿಗೆ ಕೊಟ್ಟ ಭೂದಾನವನ್ನು ಹೇಳುತ್ತದೆ. ಅಜಪುರದ, ಅಂದರೆ ಇಂದಿನ ಬ್ರಹ್ಮಾವರದ ವಿಷ್ಣು ಎಂಬ ಕವಿಯ ವಿರಾಟಪರ್ವ ಪ್ರಸಂಗದ 1564ರ ಓಲೆಪ್ರತಿ ದೊರೆತಿದೆ. ಕರಾವಳಿಯಿಂದ ದೂರದ ಬಯಲುಸೀಮೆಯಲ್ಲಿ ಆ ಕಾಲಕ್ಕೇ ತಾಳಮದ್ದಲೆ ಇತ್ತೆಂಬ ಸಂಗತಿ, ಈ ಕಲೆಯನ್ನು ಒಂದೇ ಊರಿನ ಇಲ್ಲವೇ ಒಬ್ಬನೇ ಕವಿಯ ಸೃಷ್ಟಿಯೆಂದು ಹೇಳುವ ವಾದಗಳನ್ನೆಲ್ಲ ಅಲುಗಾಡಿಸುತ್ತದೆ. ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬನೇ ಯಕ್ಷಗಾನ ರಾಮಾಯಣದ ಪ್ರಸಂಗಗಳ ಕರ್ತೃವೆಂದು ಮುಳಿಯ ತಿಮ್ಮಪ್ಪಯ್ಯನವರು ಪ್ರತಿಪಾದಿಸಿದರು. ಶಿವರಾಮ ಕಾರಂತರು ಅದನ್ನು ಒಪ್ಪಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಯಕ್ಷಗಾನಗಳನ್ನು ಸಂಪಾದಿಸಿ ಆ ಪಕ್ಷವನ್ನು ಮತ್ತೆ ಎತ್ತಿ ಹಿಡಿದರು. ಕೇರಳದ ಕಥಕಳಿಗೂ ತೆಂಕುತಿಟ್ಟಿಗೂ ಇರುವ ಹೋಲಿಕೆಯಲ್ಲಿ ಯಾರು ಯಾರಿಂದ ಪಡೆದರೆಂಬ ಜಗಳವೂ ಇದರೊಡನೆ ಹೆಣೆದುಕೊಂಡಿತು. ಬಯಲುಸೀಮೆಯ ಮೂಡಲಪಾಯವೆಂಬ ಆಟದ ಪ್ರಕಾರವನ್ನು ಜೀ. ಶಂ. ಪರಮಶಿವಯ್ಯನವರು ಅಧ್ಯಯನಕ್ಕೆ ತಂದ ಮೇಲೆ ಪ್ರಶ್ನೆಯ ಹರಹು ಇನ್ನಷ್ಟು ಹಿಗ್ಗಿತು. ಇವೆಲ್ಲ ಸಾಹಿತ್ಯದ ಮತ್ತು ಕಾಲನಿರ್ಣಯದ ವಾದಗಳು. ಸಂಗೀತದ ಮೂಲ ಬೇರೆಯೇ ಪ್ರಶ್ನೆ; ಅದಕ್ಕೆ ಓಲೆಗರಿ ಉತ್ತರಿಸಲಾರದು, ಏಕೆಂದರೆ ಪದದ ತಲೆಯ ಮೇಲೆ ರಾಗದ ಹೆಸರು ಮತ್ತು ತಾಳದ ಹೆಸರು ಮಾತ್ರ ಬರೆದಿರುತ್ತದೆ, ಅದನ್ನು ಹಾಡಿದ ಬಗೆ ಬರೆದಿರುವುದಿಲ್ಲ.

1957ರಲ್ಲಿ ಪ್ರಕಟವಾಗಿ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಯಕ್ಷಗಾನ ಬಯಲಾಟ ಎಂಬ ಗ್ರಂಥಕ್ಕಾಗಿ ಊರೂರು ತಿರುಗಿ ಪ್ರಸಂಗಪ್ರತಿಗಳನ್ನು ಹುಡುಕಿದ ಕಾರಂತರು, ಈ ಸಂಗೀತಕ್ಕೆ ತನ್ನದೇ ರಾಗಗಳಿವೆಯೆಂದು ಬಲವಾಗಿ ನಂಬಿದ್ದರು. ಗೋಪನೀತೆ, ಮೇಚಾಳಿ, ದಿವಾಳಿ, ಕೋರೆ, ಪಂಚಾಗತಿ ಮುಂತಾದ ಹೆಸರುಗಳು ಕರ್ನಾಟಕ ಸಂಗೀತದ ಇಂದಿನ ಕಛೇರಿಗಳಲ್ಲಿ ಕೇಳಿಬರುವುದಿಲ್ಲ. ಅವು ಕಳೆದುಹೋದ ಒಂದು ಗಾನಪದ್ಧತಿಯ ಉಳಿಕೆಗಳೆಂಬುದು ಕಾರಂತರ ಪಕ್ಷ. ಎದುರು ಪಕ್ಷದವರು, ರಾಗಗಳ ಪಟ್ಟಿಯಲ್ಲಿ ಭೈರವಿ, ಕಾಂಭೋಜಿ, ಸೌರಾಷ್ಟ್ರ, ಮಧ್ಯಮಾವತಿಗಳೂ ಇವೆಯೆಂದೂ, ಆದುದರಿಂದ ಇದು ದಕ್ಷಿಣದ ಶಾಸ್ತ್ರೀಯ ಸಂಗೀತದ ಒಂದು ಹಳ್ಳಿಯ ಕವಲೆಂದೂ ವಾದಿಸುತ್ತಾರೆ. ಮೂರನೆಯ ಪಕ್ಷ ನಾಗಮಂಡಲ, ಭೂತಾರಾಧನೆಗಳ ಲಯದಲ್ಲಿ ಇದರ ಬೇರನ್ನು ಕಾಣುತ್ತದೆ. ನಾವುಡರ ಅಭಿಮಾನಿಗೆ ಎರಡನೆಯ ವಾದ ಅನುಕೂಲ, ಉಪ್ಪೂರರ ಅಭಿಮಾನಿಗೆ ಮೊದಲನೆಯದು. ಆದುದರಿಂದಲೇ ಒಂದು ಪದದ ಚರ್ಚೆ ಇಷ್ಟು ಬೇಗ ಮೂಲದ ಚರ್ಚೆಯಾಗುವುದು.

ಮಟ್ಟು

ಈ ಲೇಖನದ ನಿಲುವು ಇಷ್ಟು: ಯಕ್ಷಗಾನ ಸಂಗೀತದ ಗುರುತು ರಾಗದಲ್ಲಿ ಹುಡುಕಿದರೆ ಸಿಗದು, ಮಟ್ಟಿನಲ್ಲಿ ಸಿಗುತ್ತದೆ. ಮಟ್ಟು ಎಂದರೆ ಪದದ ಛಂದಸ್ಸು, ತಾಳ ಮತ್ತು ಹಾಡುವ ಧಾಟಿ ಈ ಮೂರೂ ಬಿಡಿಸಲಾಗದಂತೆ ಸೇರಿ ಆದ ಒಂದು ಅಚ್ಚು. ಐದು ಮಾತ್ರೆಯ ಗಣಗಳಲ್ಲಿ ನಡೆಯುವ ಪದಕ್ಕೆ ಝಂಪೆ ತಾಳ ಒದಗುತ್ತದೆ, ಮೂರು ಮತ್ತು ನಾಲ್ಕು ಕೂಡಿ ಏಳಾಗುವ ನಡೆಗೆ ತ್ರಿವುಡೆ, ನಾಲ್ಕರ ನಡೆಗೆ ಏಕ, ಮೂರರ ಮತ್ತು ಆರರ ನಡೆಗೆ ರೂಪಕ. ಕವಿ ಪದ ಬರೆಯುವಾಗಲೇ ಅದರ ತಾಳ ನಿಶ್ಚಯವಾಗಿರುತ್ತದೆ; ಭಾಗವತರು ರಾಗವನ್ನು ಬದಲಿಸಬಲ್ಲರು, ಮಟ್ಟನ್ನು ಮುರಿಯಲಾರರು, ಮುರಿದರೆ ಅಕ್ಷರಗಳು ತಾಳಕ್ಕೆ ಕೂರುವುದಿಲ್ಲ. ಶೀಮಂತೂರು ನಾರಾಯಣ ಶೆಟ್ಟರು ಯಕ್ಷಗಾನ ಛಂದೋಂಬುಧಿಯಲ್ಲಿ ಈ ಬಂಧಗಳನ್ನು ಕ್ರಮಬದ್ಧವಾಗಿ ನಿರೂಪಿಸಿದ್ದಾರೆ. ರಾಘವ ನಂಬಿಯಾರರ ಹಿಮ್ಮೇಳವೆಂಬ ಗ್ರಂಥ ಗಾನ ಮತ್ತು ವಾದನದ ಸಂಬಂಧವನ್ನು ಬಿಡಿಸಿ ನೋಡುತ್ತದೆ.

ಕ್ಯಾಸೆಟ್ಟು ಈ ಮಾತನ್ನು ಪರೀಕ್ಷಿಸುವ ಅವಕಾಶ ಕೊಡುತ್ತದೆ. ದೇವಿದಾಸ ಕವಿಯ ಕೃಷ್ಣಸಂಧಾನದ ಒಂದೇ ಪದವನ್ನು ಇಬ್ಬರು ಭಾಗವತರ ಕಂಠದಲ್ಲಿ, ಸಾಧ್ಯವಾದರೆ ಒಂದು ಆಟದ ಮುದ್ರಿಕೆಯಲ್ಲಿ ಮತ್ತು ಒಂದು ತಾಳಮದ್ದಲೆಯ ಮುದ್ರಿಕೆಯಲ್ಲಿ, ಬೆನ್ನುಬೆನ್ನಿಗೆ ಕೇಳಬೇಕು. ಆಟದಲ್ಲಿ ಭಾಗವತರು ಮೊದಲ ಸಾಲನ್ನು ಎತ್ತಿ, ಇನ್ನೊಮ್ಮೆ ಹೇಳಿ, ಸಾಲಿನ ಕೊನೆಯಲ್ಲಿ ದನಿಯನ್ನು ತಡೆದು ಬಿಟ್ಟುಕೊಟ್ಟಾಗ ಮದ್ದಲೆ, ಚಂಡೆಗಳು ಬಿಡ್ತಿಗೆಯನ್ನು ನುಡಿಸುತ್ತವೆ. ಸಾಲುಗಳ ನಡುವಿನ ಬಿಡುವನ್ನು ತುಂಬುವ ನುಡಿಸಾಣಿಕೆಗೆ ಬಿಡ್ತಿಗೆಯೆಂದು ಹೆಸರು. ವೇಷಧಾರಿ ಅಷ್ಟು ಹೊತ್ತು ಕುಣಿಯುತ್ತಾನೆ. ನುಡಿಸಾಣಿಕೆ ಮುಕ್ತಾಯ ಕಂಡ ಹೊಡೆತಕ್ಕೇ ಭಾಗವತರು ಮುಂದಿನ ಸಾಲನ್ನು ಹಿಡಿಯಬೇಕು; ಅರ್ಧ ಮಾತ್ರೆ ಹಿಂದುಮುಂದಾದರೂ ಕುಣಿಯುವವನ ಕಾಲು ತಪ್ಪುತ್ತದೆ. ತಾಳಮದ್ದಲೆಯಲ್ಲಿ ಕುಣಿತವಿಲ್ಲದುದರಿಂದ ಬಿಡ್ತಿಗೆಗಳು ಕಡಿಮೆಯಾಗಿ, ಆ ಬಿಡುವನ್ನು ರಾಗ ತುಂಬಿಕೊಳ್ಳುತ್ತದೆ. ಇಬ್ಬರು ಭಾಗವತರ ರಾಗಗಳು ಬೇರೆಯಾಗಿದ್ದರೂ, ಶ್ರುತಿ ಬೇರೆಯಾಗಿದ್ದರೂ, ಎರಡೂ ಮುದ್ರಿಕೆಗಳಲ್ಲಿ ಅಕ್ಷರಗಳು ತಾಳದ ಅದೇ ಪೆಟ್ಟುಗಳ ಮೇಲೆ ಬಂದು ಬೀಳುತ್ತವೆ. ತಿಟ್ಟು ಬದಲಾದರೆ ಚಂಡೆಯ ನಾದವೂ ನಡೆಯ ವೇಗವೂ ಬದಲಾಗುತ್ತವೆ, ಆದರೆ ಪದದ ಎಲುಬು ಅದೇ ಇರುತ್ತದೆ. ಹಾಡಿಕೆಗೆ ಈ ರೂಪವನ್ನು ಕೊಟ್ಟದ್ದು ಕನ್ನಡದ ಮಾತ್ರಾಛಂದಸ್ಸು ಮತ್ತು ಕುಣಿಯುವ ಕಾಲು ಎಂಬ ನಿರ್ಣಯಕ್ಕೆ ಬರಲು ಇಷ್ಟು ಕೇಳ್ಮೆ ಸಾಕು. ರಾಗಗಳು ಕಾಲಕಾಲಕ್ಕೆ ಬಂದು ಸೇರಿದವು, ಇನ್ನೂ ಸೇರುತ್ತಿವೆ. ಈ ದೃಷ್ಟಿಯಿಂದ ನೋಡಿದರೆ ನಾವುಡರು ಹೊಸ ರಾಗ ತಂದರೆಂಬ ಒಂದೇ ಕಾರಣಕ್ಕೆ ಅವರನ್ನು ಪರಂಪರೆಯ ಹೊರಗಿಡುವುದು ತಪ್ಪಾಗುತ್ತದೆ. ರಾಗದ ಮೋಹದಲ್ಲಿ ಪದದ ಅಕ್ಷರಗಳನ್ನು ಎಳೆದು ಮಟ್ಟನ್ನೇ ಮಸುಕಾಗಿಸುವ ಇತ್ತೀಚಿನ ಕೆಲವು ಹಾಡಿಕೆಗಳ ಮೇಲೆ ಹಳಬರು ತೆಗೆಯುವ ಆಕ್ಷೇಪಣೆ ಮಾತ್ರ ಪೂರ್ತಿ ಸರಿಯಾದುದು.

ಜಾಜ್ ಎಂಬ ಹೋಲಿಕೆ

ಹಾಡನ್ನು ಮೆಚ್ಚುವವರೇ ಹಾಡಿನ ಮೂಲಕ್ಕಾಗಿ ಜಗಳವಾಡುವ ಈ ಸ್ಥಿತಿಗೆ ಜಗತ್ತಿನಲ್ಲಿ ಸಿಗುವ ಹತ್ತಿರದ ಉದಾಹರಣೆ ಅಮೆರಿಕದ ಜಾಜ್ ಸಂಗೀತ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ನಗರದ ಕರಿಯ ಸಮುದಾಯದಲ್ಲಿ, ಬ್ಲೂಸ್ ಎಂಬ ಶೋಕಗೀತಗಳು, ರ್‍ಯಾಗ್‌ಟೈಮ್ ಎಂಬ ಪಿಯಾನೊ ಶೈಲಿ, ಮೆರವಣಿಗೆಯ ಬ್ಯಾಂಡುಗಳು ಮತ್ತು ಆಫ್ರಿಕದ ಲಯಸಂಸ್ಕಾರಗಳು ಕೂಡಿ ರೂಪುಗೊಂಡ ಈ ಸಂಗೀತದ ಮೊದಲ ಗ್ರಾಮಫೋನ್ ತಟ್ಟೆ ಹೊರಬಂದದ್ದು 1917ರಲ್ಲಿ. ಅದನ್ನು ನುಡಿಸಿದವರು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಜ್ ಬ್ಯಾಂಡ್ ಎಂಬ ಬಿಳಿಯರ ತಂಡದವರು. ಅವರಿಗಿಂತ ಮೊದಲೇ ಇದೇ ನಗರದಲ್ಲಿ ಹೆಸರಾಗಿದ್ದ ಬಡ್ಡಿ ಬೋಲ್ಡನ್ ಎಂಬ ಕರಿಯ ಕಾರ್ನೆಟ್ ವಾದಕನ ಒಂದು ಮುದ್ರಿಕೆಯೂ ಉಳಿದಿಲ್ಲ. ಆದುದರಿಂದ ಮುದ್ರಿಕೆಗಳನ್ನು ಮಾತ್ರ ನಂಬಿದರೆ ಜಾಜ್‌ನ ಮೂಲವೇ ತಿರುಚಿ ಹೋಗುತ್ತದೆ. ಆ ತಪ್ಪನ್ನು ತಿದ್ದಲು ವಿದ್ವಾಂಸರು ಹಳೆಯ ವಾದಕರ ನೆನಪುಗಳನ್ನು ಕೇಳಿ ಬರೆದುಕೊಳ್ಳಬೇಕಾಯಿತು. ಯಕ್ಷಗಾನದಲ್ಲೂ ಹೀಗೆಯೇ ಆಗಿದೆ. ಕ್ಯಾಸೆಟ್ಟಿಗೆ ಸಿಕ್ಕ ಭಾಗವತರು ಪರಂಪರೆಯ ಪ್ರತಿನಿಧಿಗಳಾದರು, ಅದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ತೀರಿಕೊಂಡವರು ಹೆಸರಷ್ಟೇ ಆಗಿ ಉಳಿದರು. ನೂರು ವರ್ಷ ದಾಟಿ ಬದುಕಿ 2020ರಲ್ಲಿ ಅಗಲಿದ ಮದ್ದಲೆಯ ಹಿರಿಯಡ್ಕ ಗೋಪಾಲರಾಯರಂಥವರ ಮಾತಿಗೆ ಅಷ್ಟು ಬೆಲೆಯಿದ್ದದ್ದು ಅವರು ಮುದ್ರಿಕೆಯ ಹಿಂದಿನ ಕಾಲವನ್ನು ಕೈಬೆರಳಲ್ಲಿ ಇಟ್ಟುಕೊಂಡಿದ್ದುದರಿಂದ. ಅಮೆರಿಕದ ಮಾರ್ತಾ ಆಷ್ಟನ್ ಯಕ್ಷಗಾನದ ಮೇಲೆ ಗ್ರಂಥ ಬರೆಯುವಾಗ ಅವರ ಬಳಿಯೇ ಕಲಿತರು.

ಹೋಲಿಕೆ ಇಲ್ಲಿಗೇ ನಿಲ್ಲದೆ ವಾದ್ಯದವರೆಗೂ ಬರುತ್ತದೆ. ಜಾಜ್‌ನ ಮುಖ್ಯ ವಾದ್ಯವಾದ ಸ್ಯಾಕ್ಸೊಫೋನನ್ನು ಯಕ್ಷಗಾನಕ್ಕೆ ತಂದವರು ಕಾರಂತರು. ಉಡುಪಿಯ ತಮ್ಮ ಯಕ್ಷರಂಗದ ಪ್ರಯೋಗಗಳಲ್ಲಿ ಮಾತನ್ನು ಕಳೆದು ನೃತ್ಯ ಮತ್ತು ಗಾನಗಳನ್ನೇ ಉಳಿಸಿದ ಅವರು, ಭಾಗವತರ ದನಿಗೆ ಆಸರೆಯಾಗಿ ಪಿಟೀಲು ಮತ್ತು ಸ್ಯಾಕ್ಸೊಫೋನುಗಳನ್ನು ಬಳಸಿದರು. ಶುದ್ಧಿಯ ಪಕ್ಷದ ನಾಯಕರೇ ಪಾಶ್ಚಾತ್ಯ ವಾದ್ಯಕ್ಕೆ ಬಾಗಿಲು ತೆರೆದದ್ದು ಮಲೆನಾಡಿನ ವಾದಗಳಲ್ಲಿ ಇಂದಿಗೂ ಎದುರು ಪಕ್ಷದವರ ಕೈಯ ದೊಡ್ಡ ಅಸ್ತ್ರ. ಅದೇ ಕರಾವಳಿಯ ಕದ್ರಿ ಗೋಪಾಲನಾಥರು, ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1980ರ ಮುಂಬಯಿಯ ಜಾಜ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು; ಕನ್ನಡಿಗ ಮನೆತನದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ಗೋಪಾಲನಾಥರು ಒಟ್ಟಾಗಿ ನುಡಿಸಿದ ಕಿನ್ಸ್‌ಮೆನ್ ಎಂಬ ಆಲ್ಬಂ 2008ರಲ್ಲಿ ಹೊರಬಂತು. ಒಂದೇ ವಾದ್ಯದ ಎರಡು ಬಾಳುಗಳು ಎದುರುಬದುರಾಗುವ ಈ ಆಲ್ಬಂ, ಮೂಲದ ವಾದದಲ್ಲಿ ಆಸಕ್ತಿಯುಳ್ಳ ಯಾವ ಯಕ್ಷಗಾನ ರಸಿಕರೂ ಒಮ್ಮೆ ಕೇಳಲೇಬೇಕಾದದ್ದು: ವಾದ್ಯ ಎಲ್ಲಿಂದಲೋ ಬಂದರೂ ನುಡಿಯುವುದು ನುಡಿಸುವವನ ತಾಳ ಮತ್ತು ಗಮಕಗಳನ್ನೇ ಎಂಬುದು ಅಲ್ಲಿ ನೇರವಾಗಿ ಕಿವಿಗೆ ಬೀಳುತ್ತದೆ.

ಅಟ್ಟದ ಮೇಲಿನ ಪೆಟ್ಟಿಗೆಗಳು

ಮಲೆನಾಡಿನ ಮಳೆಯೇ ಈ ಸಂಗ್ರಹವನ್ನು ಹುಟ್ಟಿಸಿತು. ಅದೇ ಮಳೆ ಈಗ ಅದನ್ನು ತಿನ್ನುತ್ತಿದೆ. ಕ್ಯಾಸೆಟ್ಟಿನ ಒಳಗಿರುವುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಲೋಹದ ಆಕ್ಸೈಡಿನ ತೆಳುವಾದ ಲೇಪ. ತೇವಕ್ಕೆ ಅಂಟು ಸಡಿಲಗೊಂಡು ಲೇಪ ಉದುರುತ್ತದೆ, ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ, ಬಹುಕಾಲ ಬಿಚ್ಚದೆ ಇಟ್ಟ ಸುರುಳಿಯಲ್ಲಿ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಇಳಿದು ಪ್ರತಿಧ್ವನಿಯಂತೆ ಕೇಳುತ್ತದೆ. ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್ಟು ಒಂದು ಮನೆಯಲ್ಲಿ ಹಾಳಾದರೂ ಇನ್ನೊಂದು ಮನೆಯಲ್ಲಿ ಸಿಕ್ಕೀತು. ಆಟದ ರಾತ್ರಿ ಹಿಡಿದ ಮುದ್ರಿಕೆಗೆ ಎರಡನೆಯ ಪ್ರತಿಯಿಲ್ಲ. ಈಗ ಅಂತರಜಾಲದಲ್ಲಿ ಹಳೆಯ ಪದಗಳು ಸಾಕಷ್ಟು ಸಿಗುತ್ತವೆ, ಆದರೆ ಬಹುಪಾಲು ಮುದ್ರಿಕೆಗಳಲ್ಲಿ ಭಾಗವತರ ಹೆಸರೊಂದನ್ನು ಬಿಟ್ಟರೆ ಮದ್ದಲೆ ಯಾರದು, ಚಂಡೆ ಯಾರದು, ಯಾವ ಊರು, ಯಾವ ವರ್ಷ ಎಂಬ ವಿವರವಿರುವುದಿಲ್ಲ. ವಿವರವಿಲ್ಲದ ಮುದ್ರಿಕೆ ಸಂತೋಷಕ್ಕೆ ಒದಗಬಹುದು, ಪರಂಪರೆಯ ಅಧ್ಯಯನಕ್ಕೆ ಒದಗುವುದು ಕಷ್ಟ.

ಈ ಕೆಲಸಕ್ಕೆ ಬೇಕಾದ ಸಾಧನಗಳು ದೊಡ್ಡವಲ್ಲ. 1949ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಂ ಒಂದು ಹಳ್ಳಿಯಲ್ಲಿ ನಾಟಕ, ಸಿನಿಮಾ, ಸಂಗೀತಗಳ ಗಂಭೀರ ಚರ್ಚೆ ಸಾಧ್ಯವೆಂದು ತೋರಿಸಿದೆ. ಕೆಳದಿಯ ಸಂಗ್ರಹಾಲಯ ಓಲೆಗರಿಗಳ ರಕ್ಷಣೆ ತಾಲ್ಲೂಕಿನ ಮಟ್ಟದಲ್ಲೇ ಆಗಬಹುದೆಂದು ತೋರಿಸಿದೆ. ಧ್ವನಿಸುರುಳಿಗೂ ಅಂಥದೇ ಒಂದು ನೆಲೆ ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಾದರೂ ಒಂದು ಕಡೆ ಆಗಬೇಕು; ಕಾಲೇಜುಗಳ ಕನ್ನಡ ವಿಭಾಗಗಳು ಇದನ್ನು ತಮ್ಮ ಕೆಲಸವೆಂದು ತಿಳಿದರೆ ವಿದ್ಯಾರ್ಥಿಗಳ ನೆರವಿನಿಂದಲೇ ಬಹಳ ದೂರ ಸಾಗಬಹುದು. ಅಲ್ಲಿಯವರೆಗೆ ಮಾಡಬಹುದಾದದ್ದು ಮನೆಮನೆಯ ಮಟ್ಟದ ಕೆಲಸ. ಹಳೆಯ ಕ್ಯಾಸೆಟ್ಟುಗಳಿರುವವರು ಬೂಷ್ಟು ಹಿಡಿದದ್ದನ್ನು ಹಾಗೆಯೇ ಯಂತ್ರಕ್ಕೆ ಹಾಕದೆ ಮೊದಲು ಒಣಗಿದ ಜಾಗದಲ್ಲಿ ಬೇರೆಯಾಗಿಡಬೇಕು. ಚೆನ್ನಾಗಿರುವುದನ್ನು ತಿಳಿದವರಿಂದ ಕಂಪ್ಯೂಟರಿಗೆ ಇಳಿಸಿ ಎರಡು ಕಡೆ ಪ್ರತಿ ಇಡಬೇಕು. ಎಲ್ಲಕ್ಕಿಂತ ಮೊದಲು, ಆ ರಾತ್ರಿ ಆಟ ನೋಡಿದ ಹಿರಿಯರು ಮನೆಯಲ್ಲಿ ಇರುವಾಗಲೇ ಅವರನ್ನು ಕೂರಿಸಿಕೊಂಡು ಪ್ರಸಂಗ, ಮೇಳ, ಊರು, ವರ್ಷ, ಭಾಗವತರು, ಮದ್ದಲೆ, ಚಂಡೆ ಎಂಬ ಏಳು ವಿವರಗಳನ್ನು ಪ್ರತಿ ಕ್ಯಾಸೆಟ್ಟಿಗೂ ಒಂದು ಚೀಟಿಯಲ್ಲಿ ಬರೆದು ಅಂಟಿಸಬೇಕು.